ನದಿ ದಾಟಿದರೆ ಪರರಾಜ್ಯ

ಕ್ರಿಸ್‌ಮಸ್ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ವಿದೇಶಕ್ಕೆ ಹೋಗಿಬರುವ ಮಾತು ಈಗ ರಾಯಚೂರಿನ ಮಧ್ಯಮ ವರ್ಗದ ಮನೆಗಳಲ್ಲೂ ಕೇಳಿಬರುತ್ತದೆ. ದುಬೈಯೋ ಸಿಂಗಪುರವೋ ಎಂದು ಶುರುವಾದ ಮಾತು ವಿಮಾನದ ದರ ತಿಳಿದೊಡನೆ ತಣ್ಣಗಾಗುತ್ತದೆ. ಆದರೆ ಕಡಿಮೆ ಖರ್ಚಿನಲ್ಲಿ ಗಡಿ ದಾಟುವುದು ಈ ಊರಿಗೆ ಹೊಸ ವಿದ್ಯೆಯೇನಲ್ಲ. 1948ರವರೆಗೆ ರಾಯಚೂರಿನವರಿಗೆ ಪರರಾಜ್ಯವಿದ್ದದ್ದು ತುಂಗಭದ್ರೆಯ ಆಚೆ ದಡದಲ್ಲಿ.

ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. 1853ರಿಂದ 1860ರವರೆಗಿನ ಏಳು ವರ್ಷ ಮಾತ್ರ ಅದು ಬ್ರಿಟಿಷರ ಕೈಯಲ್ಲಿತ್ತು. ಹೊಳೆಯ ದಕ್ಷಿಣಕ್ಕೆ ಮದರಾಸು ಪ್ರಾಂತ. ಇಂದು ಆಂಧ್ರಪ್ರದೇಶದಲ್ಲಿರುವ ಮಂತ್ರಾಲಯ ಆಗ ಆ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಾನ್ವಿಯಿಂದ ರಾಯರ ದರ್ಶನಕ್ಕೆ ಹೊರಟ ಕುಟುಂಬ ಹೊಳೆ ದಾಟಿದೊಡನೆ ಸರ್ಕಾರ ಬದಲಾಗುತ್ತಿತ್ತು, ನಾಣ್ಯವೂ ಬದಲಾಗುತ್ತಿತ್ತು. ಈಚೆಗೆ ನಿಜಾಮರ ‘ಹಾಲಿ ಸಿಕ್ಕಾ’, ಆಚೆಗೆ ಬ್ರಿಟಿಷರ ‘ಕಲ್ದಾರ್’ ರೂಪಾಯಿ. ಕೊನೆಯ ದಶಕಗಳಲ್ಲಿ ಏಳು ಸಿಕ್ಕಾ ಕೊಟ್ಟರೆ ಆರು ಕಲ್ದಾರ್ ಸಿಗುತ್ತಿತ್ತು. ಸರಕು ಸಾಗಿಸಿದರೆ ಸುಂಕ ಬೇರೆ. ಅದನ್ನು ವಸೂಲು ಮಾಡುವ ಇಲಾಖೆಗೆ ‘ಕರೋಡಗಿರಿ’ ಎಂಬ ಹೆಸರಿತ್ತು. ನಿಜಾಮರ ಕಚೇರಿಗಳಿಗೆ ವಾರದ ರಜೆ ಶುಕ್ರವಾರವಾದರೆ ಆಚೆ ದಡದಲ್ಲಿ ಭಾನುವಾರ. ಕಾನೂನಿನ ಮಾತಿನಲ್ಲಿ ಅದು ಪೂರ್ತಿ ವಿದೇಶವಲ್ಲದಿರಬಹುದು. ಪ್ರಯಾಣಿಕನ ಕಿಸೆಗೆ ವಿದೇಶವೇ ಆಗಿತ್ತು.

ಈ ಗಡಿಯನ್ನು ಅಗ್ಗವಾಗಿ ದಾಟಿಸಿದ್ದು ರೈಲು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿ, ಮದರಾಸು ಕಡೆಯಿಂದ ಬಂದ ಹಳಿ ಎರಡೂ ಕೂಡಿದ್ದು ರಾಯಚೂರಿನಲ್ಲೇ. ಡಿಸೆಂಬರ್ ಕೊನೆಯ ವಾರವನ್ನು ಪ್ರಯಾಣದ ಕಾಲವಾಗಿಸಿದ್ದು ಬ್ರಿಟಿಷರ ಕ್ಯಾಲೆಂಡರು. ಅವರ ಕೋರ್ಟು, ಕಚೇರಿಗಳು ಆಗ ಮುಚ್ಚುತ್ತಿದ್ದುದರಿಂದ ವಕೀಲರಿಗೂ ಮೇಷ್ಟರುಗಳಿಗೂ ಬಿಡುವು. ಕಾಂಗ್ರೆಸ್ ಮಹಾಸಭೆ 1885ರಿಂದ ಹಲವು ದಶಕ ಸಾಮಾನ್ಯವಾಗಿ ಇದೇ ರಜೆಯಲ್ಲಿ ಸೇರುತ್ತಿತ್ತು.

ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನ ನಡೆದದ್ದು 1924ರ ಕ್ರಿಸ್‌ಮಸ್ ಮರುದಿನದಿಂದ. ಅದರ ಜೊತೆಯಲ್ಲೇ ಅಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ರಾಯಚೂರಿನಿಂದ ಬೆಳಗಾವಿಗೆ ಗುಂತಕಲ್, ಹುಬ್ಬಳ್ಳಿ ಮೇಲಿನ ರೈಲು ದಾರಿಯನ್ನು ನೋಡಿದರೆ ಏಕೀಕರಣ ಏಕೆ ಬೇಕಿತ್ತೆಂಬುದು ತಾನೇ ತಿಳಿಯುತ್ತದೆ. ನಿಜಾಮರ ರಾಯಚೂರು ಬಿಟ್ಟರೆ ಮದರಾಸಿನ ಬಳ್ಳಾರಿ, ಹೊಸಪೇಟೆ. ಮತ್ತೆ ನಿಜಾಮರ ಕೊಪ್ಪಳ. ಆಮೇಲೆ ಮುಂಬಯಿ ಪ್ರಾಂತದ ಗದಗ. ಒಂದೇ ಭಾಷೆಯ ನೆಲದಲ್ಲಿ ಮೂರು ಸಲ ಗಡಿ!

ರಜೆಯ ಖರ್ಚಿನ ಪ್ರಶ್ನೆ ಆ ಸಭೆಗಳನ್ನೂ ಬಿಡಲಿಲ್ಲ. ಚಳಿಗಾಲದಲ್ಲಿ ಬೆಚ್ಚನೆಯ ಬಟ್ಟೆಗಾಗಿ ಬಡವರು ಹೆಚ್ಚು ಖರ್ಚು ಮಾಡಬೇಕಾಗುತ್ತದೆಂಬ ಕಾರಣಕ್ಕೆ, ಅಧಿವೇಶನವನ್ನು ಫೆಬ್ರವರಿ-ಮಾರ್ಚಿಗೆ ಒಯ್ಯಲು 1929ರ ಲಾಹೋರ್ ಕಾಂಗ್ರೆಸ್ ತೀರ್ಮಾನಿಸಿತು.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿತು. ಕೇಂದ್ರ ಸರ್ಕಾರಿ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿ ಬಂದದ್ದೂ ಅದೇ ವರ್ಷ, ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ವಿದೇಶವೆಂಬುದು ದೂರ ಸರಿಯಿತು. 1973ರ ವಿದೇಶಿ ವಿನಿಮಯ ಕಾಯ್ದೆಯ ಬಿಗಿಯಲ್ಲಿ ಡಾಲರ್ ಸಂಪಾದಿಸುವುದೇ ಸಾಹಸವಾಯಿತು. 2000ದಲ್ಲಿ ಆ ಕಾಯ್ದೆ ಹೋಗಿ ಸಡಿಲವಾದ ಕಾಯ್ದೆ ಬಂತು. 2017ರಲ್ಲಿ ಮೈಸೂರಿನಿಂದ ಆರಂಭಿಸಿ ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ತೆರೆದವು.

ಆದರೂ ಹಳೆಯ ತುಂಗಭದ್ರೆಯಂತಹ ಗಡಿಯೊಂದು ಇನ್ನೂ ಉಳಿದಿದೆ. ಅದು ನೇಪಾಳ. 1950ರ ಮೈತ್ರಿ ಒಪ್ಪಂದ ಮಾಡಿಕೊಂಡ ಈ ನೆರೆರಾಷ್ಟ್ರಕ್ಕೆ ಭಾರತೀಯರಿಗೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರಿಗೂ ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಗುರುತಿನ ಚೀಟಿ ಸಾಕು. ಸಿಕ್ಕಾ-ಕಲ್ದಾರ್‌ಗಳಂತೆ ಇಲ್ಲೂ ದರ ಖಚಿತ. 1993ರಿಂದ ನಮ್ಮ 100 ರೂಪಾಯಿಗೆ ಅವರ 160. ರೈಲಿನಲ್ಲಿ ಗೋರಖಪುರ ಮುಟ್ಟಿ, ಅಲ್ಲಿಂದ ಬಸ್ಸು ಹಿಡಿದು ಸೋನೌಲಿ ಗಡಿ ದಾಟಬಹುದು. ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲು. ಡಿಸೆಂಬರ್ 24ಕ್ಕೆ ಹೊರಡುವವರು ಅಕ್ಟೋಬರ್ 25ರಂದೇ ಎಚ್ಚರವಾಗಬೇಕು. ಉತ್ತರಪ್ರದೇಶದ ಮಂಜಿನಲ್ಲಿ ರೈಲು ತಡವಾಗುವ ಕಾರಣ ಒಂದು ದಿನ ಕೈಯಲ್ಲಿಟ್ಟುಕೊಳ್ಳುವುದು ಲೇಸು. ಮಕ್ಕಳ ಶಾಲೆಗೆ ಎಷ್ಟು ದಿನ ಬಿಡುವೆಂದು ಮೊದಲೇ ವಿಚಾರಿಸಬೇಕು. ಎಲ್ಲ ಶಾಲೆಗಳಲ್ಲೂ ಕ್ರಿಸ್‌ಮಸ್‌ಗೆ ವಾರದ ರಜೆ ಇರುವುದಿಲ್ಲ.

ಹೋದವರಿಗೆ ಅಲ್ಲಿ ನಮ್ಮ ನಾಡಿನ ಗುರುತೂ ಸಿಗುತ್ತದೆ. ಇಂದಿನ ನೇಪಾಳದ ತರಾಯಿಯಲ್ಲಿರುವ ಸಿಮ್ರೌನ್‌ಗಢವನ್ನು ರಾಜಧಾನಿ ಮಾಡಿಕೊಂಡು 1097ರಲ್ಲಿ ಆಳ್ವಿಕೆ ಆರಂಭಿಸಿದ ನಾನ್ಯದೇವನ ವಂಶಕ್ಕೆ ಕರ್ಣಾಟ ವಂಶವೆಂದೇ ಹೆಸರು. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಸಲ್ಲಿಸುವ ಭಟ್ಟರಲ್ಲಿ ಕರ್ನಾಟಕದವರಿದ್ದಾರೆ.

ಹೀಗೆ ಗಡಿ ಹಗುರಾಗಿದ್ದರೆ ಪ್ರವಾಸವೂ ಹಗುರು. ಹಗುರಾಗದೆ ಉಳಿದಿರುವುದು ರಜೆಯ ಲೆಕ್ಕ. ಡಿಸೆಂಬರ್ ಎಂದರೆ ಮಾನ್ವಿಯಲ್ಲಿ ಭತ್ತ ಒಕ್ಕಿ ಮುಗಿಸುವ, ಹತ್ತಿ ಬಿಡಿಸುವ ಕಾಲ; ತೊಗರಿಯೂ ಕೊಯ್ಲಿಗೆ ಬಂದಿರುತ್ತದೆ. ಹೊಲದ ಕೆಲಸ ಮುಗಿದ ಮೇಲೆ ದೇವದುರ್ಗದ ಅದೆಷ್ಟೋ ಕುಟುಂಬಗಳು ಮಕ್ಕಳುಮರಿಗಳೊಂದಿಗೆ ಗಂಟುಮೂಟೆ ಕಟ್ಟುತ್ತವೆ. ಅದು ಬೆಂಗಳೂರಿಗೆ, ಪುಣೆಗೆ ಹೋಗುವ ಗುಳೆ. ರಜೆ ಎಂಬುದು ಸಂಬಳದವರಿಗಷ್ಟೇ ಸಿಕ್ಕ ಸವಲತ್ತಾಗಿರುವವರೆಗೆ, ಅಗ್ಗದ ಪ್ರವಾಸವೂ ಈ ಕುಟುಂಬಗಳ ಪಾಲಿಗೆ ದುಬಾರಿಯೇ.