ಡಬ್ಬಿ ಹೊತ್ತು ತಿರುಗಿದ ಸಿನಿಮಾ

ಅಮೆರಿಕದ ಕಪ್ಪು ಜನರ ಸಿನಿಮಾ ಚರಿತ್ರೆಯನ್ನು ನಿರ್ದೇಶಕರ ಹೆಸರುಗಳಲ್ಲೇ ಹೇಳಿ ಮುಗಿಸುವುದು ವಾಡಿಕೆ. ಆ ಚಿತ್ರಗಳನ್ನು ಉಳಿಸಿದ್ದರಲ್ಲಿ ನೋಡಿ, ಕೂತು ವಾದಿಸಿದ ಜನರ ಪಾಲೂ ಅಷ್ಟೇ ದೊಡ್ಡದು. ದಕ್ಷಿಣ ಡಕೋಟದಲ್ಲಿ ಬೇಸಾಯ ಮಾಡುತ್ತಿದ್ದ ಆಸ್ಕರ್ ಮಿಶೋ ತನ್ನ ಕಾದಂಬರಿಗಳನ್ನು ಮನೆಮನೆಗೆ ಹೋಗಿ ಮಾರಿದವನು. 1919ರಲ್ಲಿ ‘ದಿ ಹೋಮ್‌ಸ್ಟೆಡರ್’ ತೆಗೆದ ಮೇಲೆ ಸಿನಿಮಾವನ್ನೂ ಹಾಗೆಯೇ ಮಾರಿದ: ರೀಲಿನ ಡಬ್ಬಿಗಳೊಂದಿಗೆ ಊರೂರು ಸುತ್ತಿ ಥಿಯೇಟರ್ ಮಾಲೀಕರನ್ನು ಒಪ್ಪಿಸಿದ. ಎಷ್ಟೋ ಕಡೆ ಕಪ್ಪು ಪ್ರೇಕ್ಷಕರಿಗೆ ಸಿಗುತ್ತಿದ್ದುದು ಬಾಲ್ಕನಿ, ಇಲ್ಲವೇ ನಡುರಾತ್ರಿಯ ಆಟ. ಆದರೆ ತಿರುಗಾಟಕ್ಕೆ ನೆಲೆಯಿರಲಿಲ್ಲ. ಅವನ ಇಪ್ಪತ್ತಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಇಂದು ಉಳಿದಿರುವುದು ಮೂರು. ಅವುಗಳಲ್ಲಿ ಒಂದಾದ ‘ವಿಥಿನ್ ಅವರ್ ಗೇಟ್ಸ್’ ಪ್ರತಿ ಸಿಕ್ಕಿದ್ದು ದೂರದ ಸ್ಪೇನಿನಲ್ಲಿ.

ಆ ನೆಲೆಯನ್ನು ಕಟ್ಟಿದವನು ಇಥಿಯೋಪಿಯದಲ್ಲಿ ಹುಟ್ಟಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಹೈಲೆ ಗೆರಿಮಾ. ಗುಲಾಮಗಿರಿಯನ್ನು ಗುಲಾಮರ ಕಣ್ಣಿನಿಂದ ತೋರಿಸಿದ ಅವನ ‘ಸಂಕೋಫಾ’ 1993ರಲ್ಲಿ ಬರ್ಲಿನ್ ಉತ್ಸವದ ಸ್ಪರ್ಧೆಯಲ್ಲಿತ್ತು. ಆದರೂ ಅಮೆರಿಕದ ವಿತರಕರು ಅದನ್ನು ಮುಟ್ಟಲಿಲ್ಲ. ಗೆರಿಮಾ ತಾನೇ ಥಿಯೇಟರ್ ಬಾಡಿಗೆಗೆ ಹಿಡಿದ. ಊರೂರಿನ ಕಪ್ಪು ಸಮುದಾಯದ ಸಂಘಗಳು ಪ್ರಚಾರಕ್ಕಿಳಿದವು. ಚಿತ್ರ ವಾರಗಟ್ಟಲೆ ಓಡಿತು. ಮುಂದೆ ವಿಶ್ವವಿದ್ಯಾಲಯದ ಎದುರಿಗೇ ಚಿತ್ರದ್ದೇ ಹೆಸರಿನ ಪುಸ್ತಕ ಮತ್ತು ವಿಡಿಯೋ ಅಂಗಡಿ ಎದ್ದಿತು. ಅಲ್ಲಿ ಪ್ರದರ್ಶನ, ಅದರ ಬೆನ್ನಿಗೇ ಸಂವಾದ.

ಇದೆಲ್ಲ ಮಾರುಕಟ್ಟೆ ಬಾಗಿಲು ಹಾಕಿದ್ದರಿಂದ ಬಂದ ಅನಿವಾರ್ಯ, ಅದಕ್ಕೆ ಹಿರಿಮೆ ಕಟ್ಟುವುದೇಕೆ ಎನ್ನಬಹುದು. ಹುಟ್ಟಿದ್ದು ಅನಿವಾರ್ಯದಿಂದಲೇ, ನಿಜ. ಒಂದು ಚಿತ್ರ ಗೆದ್ದ ಮೇಲೂ ಅಂಗಡಿ ತೆರೆದಿಟ್ಟದ್ದು ಮಾತ್ರ ಆಯ್ಕೆ. ಇಂಥ ಕೂಟಗಳಲ್ಲಿ ತಮ್ಮವರು ತಮ್ಮವರಿಗೇ ತಲೆದೂಗುತ್ತಾರೆ ಎಂಬ ಆಕ್ಷೇಪವಂತೂ ದಾಖಲೆಯ ಮುಂದೆ ನಿಲ್ಲದು. 1920ರಲ್ಲಿ ಶಿಕಾಗೋದಲ್ಲಿ ಮಿಶೋನ ‘ವಿಥಿನ್ ಅವರ್ ಗೇಟ್ಸ್’ ಮೇಲೆ ಕಪ್ಪು ಜನರಲ್ಲೇ ಭಿನ್ನಮತವಿತ್ತು. ಬ್ರಿಟನ್ನಿನ ಬ್ಲ್ಯಾಕ್ ಆಡಿಯೋ ಫಿಲ್ಮ್ ಕಲೆಕ್ಟಿವ್ ತಂದ ‘ಹ್ಯಾಂಡ್ಸ್‌ವರ್ತ್ ಸಾಂಗ್ಸ್’ ಚಿತ್ರವನ್ನು 1987ರಲ್ಲಿ ಸಲ್ಮಾನ್ ರಶ್ದಿ ಪತ್ರಿಕೆಯಲ್ಲೇ ಝಾಡಿಸಿದಾಗ, ಜಮೈಕಾ ಮೂಲದ ಚಿಂತಕ ಸ್ಟುವರ್ಟ್ ಹಾಲ್ ಅಲ್ಲಿಯೇ ಉತ್ತರ ಕೊಟ್ಟರು. ಇಷ್ಟು ಒಳಜಗಳ ಭಜನಾಮಂಡಳಿಯಲ್ಲಿ ನಡೆಯುವುದಿಲ್ಲ! ಇನ್ನು, ‘ಸಂಕೋಫಾ’ 2021ರಲ್ಲಿ ನೆಟ್‌ಫ್ಲಿಕ್ಸ್‌ಗೇ ಬಂತಲ್ಲ, ಮನೆಯಲ್ಲೇ ನೋಡಬಹುದಲ್ಲ? ಬಂತು, 28 ವರ್ಷ ತಡವಾಗಿ. ಅದನ್ನು ಅಲ್ಲಿಗೆ ತಂದ ‘ಅರೇ’ ಸಂಸ್ಥೆಯೂ 2010ರಲ್ಲಿ ನಿರ್ದೇಶಕಿ ಏವಾ ಡುವರ್ನೇ ಕಪ್ಪು ಚಿತ್ರೋತ್ಸವಗಳನ್ನು ಜೊತೆಗೂಡಿಸಿ ಆರಂಭಿಸಿದ ವಿತರಣಾ ಕೂಟವೇ.