ಸೂಜಿಚೀಲದ ಚರಿತ್ರೆ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಲ್ಲಿ ನನ್ನ ಖಾಲಾ ಒಬ್ಬರಿದ್ದರು, ಅಮ್ಮಿಯ ತಂಗಿ. ತೊಂಬತ್ತರ ದಶಕದಲ್ಲಿ ಕೊಪ್ಪದಲ್ಲಿದ್ದ ನಾನಿ ಹಾಸಿಗೆ ಹಿಡಿದಾಗ ಖಾಲಾ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಅವರ ಆರೈಕೆ ಮಾಡಿ ಸಂಜೆಗೆ ಮರಳುತ್ತಿದ್ದರು. ಕೊಪ್ಪದ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಆಗ ಮಲೆನಾಡಿನ ಮೂಲೆ ಮೂಲೆಗೂ ಓಡುತ್ತಿದ್ದವು. 2020ರಲ್ಲಿ ಆ ಸಂಸ್ಥೆ ನಿಂತುಹೋಯಿತು. ಆ ಬಸ್ಸನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಕಿಟಕಿಯ ಪಕ್ಕ ಕೂತು, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕುತ್ತಿದ್ದ ಖಾಲಾ.

ಮನೆಯಲ್ಲಿದ್ದರೆ ಒಲೆ, ಮಕ್ಕಳು, ಕೊಟ್ಟಿಗೆ. ಕೊಪ್ಪದಲ್ಲಿ ನಾನಿಯ ಹಾಸಿಗೆ, ಔಷಧಿ. ಎರಡರ ನಡುವಿನ ಬಸ್ಸಿನ ಹೊತ್ತು ಮಾತ್ರ ಅವರದ್ದು. ಆ ಹೊತ್ತಿಗೆಂದೇ ಒಂದು ಚೀಲ ಸಿದ್ಧವಾಗಿರುತ್ತಿತ್ತು. ಹಳೆಯ ಎಲೆಅಡಿಕೆ ಸಂಚಿಯನ್ನು ಒಗೆದು, ಒಳಗೆ ಬಿಳಿ ಬಟ್ಟೆಯ ಅಸ್ತರಿ ಕೊಟ್ಟು ಹೊಲಿದಿದ್ದರು. ಅದರಲ್ಲಿ ಮಡಚಿದ ಒಂದೇ ಒಂದು ಬಟ್ಟೆ, ಅಂಗೈ ಅಗಲದ ಮರದ ರಿಂಗು, ಮೊಂಡು ತುದಿಯ ಎರಡು ಸೂಜಿ, ಚಿಕ್ಕ ಕತ್ತರಿ, ದಾರ, ಒಂದು ತುಂಡು ಪೆನ್ಸಿಲ್, ಪುಟ್ಟ ನೋಟ್‌ಬುಕ್ಕು.

ಆ ಚೀಲ ತುಂಬುವುದಕ್ಕೂ ಅವರಲ್ಲಿ ನಿಯಮಗಳಿದ್ದವು. ದಾರದ ಲಡಿಯನ್ನು ಇಡಿಯಾಗಿ ಒಯ್ಯಬಾರದು, ಕುಲುಕಾಟಕ್ಕೆ ಸಿಕ್ಕುಗಟ್ಟುತ್ತದೆ. ಆ ದಿನಕ್ಕೆ ಬೇಕಾದ ಬಣ್ಣಗಳನ್ನಷ್ಟೇ ತೋಳುದ್ದ ಕತ್ತರಿಸಿ, ಹಳೆಯ ಶಾದಿ ಕಾರ್ಡಿನ ಅಂಚಿಗೆ ಗೀರು ಮಾಡಿ ಸುತ್ತಿಕೊಳ್ಳಬೇಕು. ಆರು ಎಳೆಯ ದಾರದಿಂದ ಎರಡೆರಡು ಎಳೆಯನ್ನು ಮನೆಯಲ್ಲೇ ಬಿಡಿಸಿಟ್ಟುಕೊಳ್ಳಬೇಕು. ನಕ್ಷೆಯ ಪುಸ್ತಕ ಒಯ್ಯುವುದು ಬೇಡ, ಆ ದಿನದ ಭಾಗವನ್ನು ಮಕ್ಕಳ ಲೆಕ್ಕದ ಪುಸ್ತಕದ ಚೌಕದ ಹಾಳೆಗೆ ಇಳಿಸಿಕೊಂಡರೆ ಸಾಕು. ಬಟ್ಟೆಯ ನಡುವನ್ನು ಹುಡುಕಿ ಮೊದಲ ಹೊಲಿಗೆ ಹಾಕುವ ಕೆಲಸ ಮನೆಯಲ್ಲೇ ಮುಗಿದಿರಬೇಕು, ಅಲ್ಲಿ ತಪ್ಪಿದರೆ ಚಿತ್ರವೇ ಓರೆ. ಸೂಜಿಯನ್ನು ಹಳೆಯ ಸ್ವೆಟರಿನ ತುಂಡಿಗೆ ಚುಚ್ಚಿಡಬೇಕು, ನಮ್ಮ ಮಳೆಗಾಲದ ತೇವಕ್ಕೆ ಬರಿಯ ಸೂಜಿ ವಾರದೊಳಗೆ ತುಕ್ಕು ಹಿಡಿಯುತ್ತದೆ. ಇಳಿಯುವ ಮೊದಲು ರಿಂಗು ಬಿಚ್ಚಬೇಕು, ಇಲ್ಲದಿದ್ದರೆ ಬಟ್ಟೆಯ ಮೇಲೆ ಬಳೆಯಂಥ ಗುರುತು ಉಳಿಯುತ್ತದೆ. ಕೊನೆಗೆ ಸೂಜಿ ಎಣಿಸಬೇಕು. "ಸೀಟಿನಲ್ಲಿ ಬಿಟ್ಟ ಸೂಜಿ ಯಾರದೋ ಮಗುವಿಗೆ ಚುಚ್ಚಿದರೆ ನಾಳೆ ಅಲ್ಲಾಹನಿಗೆ ಜವಾಬು ಕೊಡಬೇಕಾದವಳು ನಾನು" ಎನ್ನುತ್ತಿದ್ದರು.

ಒಮ್ಮೆ ಮದುವೆಯ ಮನೆಯೊಂದಕ್ಕೆ ನಾಲ್ಕು ತಲೆದಿಂಬಿನ ಕವರು ಮಾಡಿಕೊಟ್ಟರು. ಆ ಮನೆಯ ಹಿರಿಯ ಹೆಂಗಸು ಮಾತಾಡಿದ್ದಕ್ಕಿಂತ ಕಡಿಮೆ ದುಡ್ಡು ಕೈಗಿಟ್ಟು, "ಬಸ್ಸಿನಲ್ಲಿ ಸುಮ್ಮನೆ ಕೂತಾಗ ಹಾಕಿದ್ದು ತಾನೇ" ಎಂದರಂತೆ. ಖಾಲಾ ಏನೂ ಹೇಳದೆ ಬಂದರು. ಆ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಎಣಿಕೆ ತಪ್ಪಿದರೆ ಕೆಡುವ ಈ ಕಲೆ ದುಡಿಮೆಯ ಎಣಿಕೆಯೊಳಗೆ ಬಾರದೆ ಹೋದದ್ದು ಹೇಗೆ? ಚೀಲದಲ್ಲಿ ಹಿಡಿಸುವ ಕೆಲಸ ಕೆಲಸವೇ ಅಲ್ಲ ಎಂದು ನಾವು ಯಾವಾಗ ತೀರ್ಮಾನಿಸಿದೆವು?

ನಮ್ಮ ಪರಂಪರೆ ಹಾಗೆ ತೀರ್ಮಾನಿಸಿದ್ದಲ್ಲ. ಮೊದಲು ಸೂಜಿ ಹಿಡಿದು ಬಟ್ಟೆ ಹೊಲಿದವರು ಪ್ರವಾದಿ ಇದ್ರೀಸರು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಪ್ರವಾದಿವರ್ಯರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದುದನ್ನು ಹಜ್ರತ್ ಆಯಿಶಾ ತಿಳಿಸಿದ್ದಾರೆ. ಅವರ ಮಡದಿಯರಲ್ಲಿ ಒಬ್ಬರಾದ ಹಜ್ರತ್ ಝೈನಬ್ ಬಿಂತ್ ಜಹ್ಶ್ ತೊಗಲು ಹದ ಮಾಡಿ, ಹೊಲಿದು, ಆ ಗಳಿಕೆಯನ್ನು ಬಡವರಿಗೆ ದಾನ ಮಾಡುತ್ತಿದ್ದರು. 'ಉದ್ದ ಕೈಯವರು' ಎಂದು ಪ್ರವಾದಿ ಸೂಚಿಸಿದ್ದು ಅವರನ್ನೇ ಎಂಬುದು ಉಳಿದವರಿಗೆ ಆಮೇಲೆ ಹೊಳೆಯಿತು. ಗಂಡಸಿನ ಗಳಿಕೆ ಹೇಗೆ ಅವನ ಪಾಲೋ ಹೆಣ್ಣಿನ ಗಳಿಕೆಯೂ ಹಾಗೆಯೇ ಅವಳ ಪಾಲು ಎಂಬ ಮಾತು ಕುರ್‌ಆನಿನ ಅನ್ನಿಸಾ ಅಧ್ಯಾಯದ 32ನೇ ವಚನದಲ್ಲೇ ಇದೆ. ಹೆಣ್ಣಿನ ಕೈಗೆಲಸಕ್ಕೆ ಇಷ್ಟು ಸ್ಪಷ್ಟವಾದ ಮನ್ನಣೆ ಇರುವ ಸಮಾಜದಲ್ಲಿ ಅವಳ ಸೂಜಿ 'ಹೊತ್ತು ಕಳೆಯುವ' ಸಾಧನವಾದದ್ದು ವಿಚಿತ್ರ.

ಕನ್ನಡನಾಡಿನ ಮಟ್ಟಿಗೆ ಕ್ರಾಸ್ ಸ್ಟಿಚ್ ಹೊರಗಿನಿಂದ ಬಂದ ಹೊಸದೇನಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತ್ಯದ ಕಾಳಿನ ಹೆಸರು ಹೊತ್ತ ಈ ಮೆಂತಿಯೇ ಕ್ರಾಸ್ ಸ್ಟಿಚ್. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ಗಿಳಿ, ತುಳಸಿಕಟ್ಟೆಗಳನ್ನು ಮೂಡಿಸಿದ ಹೆಂಗಸರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಿದ್ದರು, ಗಂಟು ಹಾಕುತ್ತಿರಲಿಲ್ಲ. ನಕ್ಷೆ ತಲೆಯೊಳಗಿತ್ತು. ಹಾಗಾಗಿ ಅವರ ಚೀಲದಲ್ಲಿ ಸೂಜಿ ಮತ್ತು ದಾರವಿದ್ದರೆ ಸಾಕಾಗುತ್ತಿತ್ತು. ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2006ರಲ್ಲಿ.

ಗವಂತಿಯಲ್ಲಿ ಸೂಜಿ ಒಮ್ಮೆ ಸಾಲಾಗಿ ಮುಂದೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಬಟ್ಟೆಯ ಎರಡು ಮೈಯೂ ಒಂದೇ ಥರ ಕಾಣುತ್ತದೆ. ಇದೇ ಹೊಲಿಗೆ ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಕಾಲದ (1250–1517) ಬಟ್ಟೆಗಳಲ್ಲೂ ಇದೆ. ಆ ತುಂಡುಗಳು ಆಕ್ಸ್‌ಫರ್ಡಿನ ಆಷ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಕೆಲವು ಉಡುಪಿನವಲ್ಲ, ಕಲಿಯುವವರು ನಕ್ಷೆಗಳನ್ನು ಹೊಲಿದಿಟ್ಟುಕೊಂಡ ಮಾದರಿ ತುಂಡುಗಳು. ಕಾಗದದ ಬದಲು ಬಟ್ಟೆಯ ಮೇಲೆ ಬರೆದಿಟ್ಟ ನೋಟ್‌ಬುಕ್ಕು ಎನ್ನಿ. ಯೂರೋಪು ಇದೇ ಹೊಲಿಗೆಗೆ ಹಾಲ್ಬೈನ್ ಎಂಬ ಚಿತ್ರಕಾರನ ಹೆಸರಿಟ್ಟಿತು. ಅವನು ಹೊಲಿದವನಲ್ಲ, ಅಂಥ ಅಂಗಿ ತೊಟ್ಟವರ ಚಿತ್ರ ಬರೆದವನು. ಹೊಲಿದ ಹೆಂಗಸರ ಹೆಸರು ಕೈರೋದಲ್ಲೂ ಉಳಿಯಲಿಲ್ಲ, ಧಾರವಾಡದಲ್ಲೂ ಉಳಿಯಲಿಲ್ಲ.

ಕಸೂತಿಯಾದರೂ ಮನೆಯ ಪಡಸಾಲೆಯದು. ನಡೆಯುವ ದಾರಿಯಲ್ಲೇ ಬೆಳೆದ ಹೊಲಿಗೆಯನ್ನು ಕಾಣಬೇಕಾದರೆ ಲಂಬಾಣಿಗರ ಕಡೆ ನೋಡಬೇಕು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲಕ್ಕೆ ಸಾಗಿಸಿದವರು ಅವರು. ಟಿಪ್ಪುವಿನ ವಿರುದ್ಧ ಕಾರ್ನ್‌ವಾಲಿಸ್ ನಡೆಸಿದ ದಂಡಯಾತ್ರೆಯಲ್ಲಿ ಬ್ರಿಟಿಷ್ ಸೈನ್ಯದ ಹೊಟ್ಟೆ ತುಂಬಿದ್ದು ಈ ಬಂಜಾರರ ಎತ್ತುಗಳಿಂದ. ಸ್ಥಿರವಾದ ಮನೆಯಿಲ್ಲದವರಿಗೆ ಗೋಡೆಯೂ ಇಲ್ಲ, ಕಪಾಟೂ ಇಲ್ಲ. ಅಂದವಾದದ್ದೆಲ್ಲ ಮೈಮೇಲೆ ಅಥವಾ ಚೀಲದ ಮೇಲೆ ಇರಬೇಕು. ಚಿಂದಿ ಬಟ್ಟೆಗೆ ಕನ್ನಡಿ, ಕವಡೆ, ನಾಣ್ಯ ಸೇರಿಸಿ ಅವರ ಹೆಂಗಸರು ಕಟ್ಟಿದ್ದು ಹೊತ್ತೊಯ್ಯಬಲ್ಲ ಮನೆಯನ್ನೇ. ಆಮೇಲೆ ರೈಲು ಬಂದು ಅವರ ಸಾಗಣೆಯ ಕಸುಬನ್ನು ಕಿತ್ತುಕೊಂಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದು ಅಲೆಮಾರಿಯನ್ನು ಕಂಡರೆ ಕಳ್ಳನೆಂದು ನೋಡುವ ಕಣ್ಣನ್ನು ಸರ್ಕಾರಕ್ಕೆ ಕೊಟ್ಟಿತು. ಇಷ್ಟಾದರೂ ಹೊಲಿಗೆ ಉಳಿಯಿತು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ದಾಖಲೆ ವಸ್ತುಗಳ ಎಣಿಕೆಯದ್ದು. ಅವರು ಹೊಲಿದ ಗಂಟೆಗಳನ್ನು ಎಣಿಸಿದವರು ಯಾರು?

ನನ್ನ ಖಾಲಾ ಹಾಕುತ್ತಿದ್ದದ್ದು ಮಾತ್ರ ಬೇರೊಂದು ದಾರಿಯಲ್ಲಿ ಬಂದ ಕ್ರಾಸ್ ಸ್ಟಿಚ್. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಚೌಕದ ಕಾಗದದ ಮೇಲೆ ಬಣ್ಣದ ನಕ್ಷೆಗಳನ್ನು ಅಚ್ಚು ಹಾಕಿ ಮಾರತೊಡಗಿದರು. ತಲೆಯೊಳಗಿದ್ದ ನಕ್ಷೆ ಅಂಗಡಿಯ ಸರಕಾಯಿತು. ಫ್ರಾನ್ಸಿನ ಮುಲೂಸಿನಲ್ಲಿ 1746ರಲ್ಲಿ ಶುರುವಾದ ಡಿಎಂಸಿ ಕಂಪನಿಯ ದಾರ ದೇಶದೇಶಕ್ಕೆ ಹೋಯಿತು. ಅದೇ ಕಂಪನಿಯೊಂದಿಗೆ ಕೆಲಸ ಮಾಡಿದ ತೆರೇಸ್ ದ ದಿಲ್ಮೋಂಟ್ ಎಂಬಾಕೆ 1886ರಲ್ಲಿ ಹೊಲಿಗೆಯ ದೊಡ್ಡ ಕೋಶವನ್ನೇ ಬರೆದರು. ನಮ್ಮಲ್ಲಿ ಮಿಷನ್ ಶಾಲೆಗಳು ಹೆಣ್ಣುಮಕ್ಕಳಿಗೆ ಅಕ್ಷರದ ಜೊತೆ ಸೂಜಿಯನ್ನೂ ಕೊಟ್ಟವು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮುಸ್ಲಿಂ ಮನೆಗಳಿಗೆ ಇದೇ ಪಾಠ ಉರ್ದುವಿನ ಮೂಲಕವೂ ಬಂತು. ಡೆಪ್ಯುಟಿ ನಝೀರ್ ಅಹ್ಮದರು 1869ರಲ್ಲಿ ಪ್ರಕಟಿಸಿದ 'ಮಿರಾತುಲ್ ಉರೂಸ್' ಕಾದಂಬರಿಯ ಅಸ್ಗರಿ ಓದು ಬರಹ ಬಲ್ಲವಳು, ಮನೆಯ ಲೆಕ್ಕ ನೋಡಿಕೊಳ್ಳುವವಳು, ಮನೆಯಲ್ಲೇ ಹುಡುಗಿಯರಿಗೆ ಮಕ್ತಬ್ ನಡೆಸುವವಳು. ಒಳ್ಳೆಯ ಸೊಸೆಯ ಮಾದರಿಯಾಗಿ ಅವಳನ್ನು ತಲೆಮಾರುಗಳಿಗೆ ಓದಿಸಿದೆವು. ನಾವು ಅವಳ ಕೈಯ ಸೂಜಿಯನ್ನು ನೆನಪಿಟ್ಟುಕೊಂಡೆವು, ಲೆಕ್ಕದ ಪುಸ್ತಕವನ್ನು ಮರೆತೆವು.

ಚೀಲದ ಬೆಲೆ ಗೊತ್ತಾಗುವುದು ಬೇರೆಲ್ಲವೂ ಕಳೆದುಹೋದಾಗ. 1941ರಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನರಿಗೆ ಸೆರೆಸಿಕ್ಕ ಅಲೆಕ್ಸಿಸ್ ಕಾಸ್ಡಾಗ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿ ಬಂದಿಖಾನೆಯಲ್ಲಿ ಕ್ರಾಸ್ ಸ್ಟಿಚ್ ಹಾಕಿದ. ದಾರ ಸಿಕ್ಕಿದ್ದು ಹರಿದ ಸ್ವೆಟರೊಂದರಿಂದ. ಚಿತ್ರದ ಅಂಚಿನ ಚುಕ್ಕಿ ಗೆರೆಗಳಲ್ಲಿ ಮೋರ್ಸ್ ಲಿಪಿಯಲ್ಲಿ ಹಿಟ್ಲರನಿಗೆ ಬೈಗುಳ ಬರೆದಿದ್ದ. ಅದು ತಿಳಿಯದ ಜರ್ಮನರು ಆ ಬಟ್ಟೆಯನ್ನು ಪ್ರದರ್ಶನಕ್ಕೇ ಇಟ್ಟರು.

ಅದಕ್ಕಿಂತ ದೀರ್ಘವಾದ ಕಥೆ ಫೆಲೆಸ್ತೀನಿನದು. ಅಲ್ಲಿನ 'ತತ್ರೀಝ್' ಮುಖ್ಯವಾಗಿ ಕ್ರಾಸ್ ಸ್ಟಿಚ್ಚೇ. 1948ಕ್ಕೆ ಮೊದಲು ಹೆಣ್ಣಿನ ನಿಲುವಂಗಿಯ ಎದೆಯ ಮೇಲಿನ ಹೊಲಿಗೆ ನೋಡಿ ಅವಳು ಯಾವ ಸೀಮೆಯವಳೆಂದು ಹೇಳಬಹುದಿತ್ತು. ಸರುವಿನ ಮರ, ಪಾಷಾನ ಡೇರೆ ಎಂದೆಲ್ಲ ನಕ್ಷೆಗಳಿಗೆ ಹೆಸರಿತ್ತು. ಆ ವರ್ಷ ಮನೆ ಬಿಟ್ಟು ಓಡಬೇಕಾದವರು ಹೊಲವನ್ನಾಗಲಿ ಬಾವಿಯನ್ನಾಗಲಿ ಹೊತ್ತೊಯ್ಯಲಾಗಲಿಲ್ಲ. ಹೊಲಿಗೆ ಬೆರಳಿನಲ್ಲಿತ್ತು, ಅದು ಹೋಯಿತು. ಲೆಬನಾನಿನ ಶಿಬಿರಗಳ ಹೆಂಗಸರಿಗೆ ಅದು ಸಂಪಾದನೆಯೂ ಆಗಲೆಂದು 1969ರಲ್ಲಿ ಇನ್‌ಆಶ್ ಎಂಬ ಸಂಸ್ಥೆ ಹುಟ್ಟಿತು. 1987ರಲ್ಲಿ ಶುರುವಾದ ಇಂತಿಫಾದಾದ ದಿನಗಳಲ್ಲಿ, ಬಾವುಟ ಹಾರಿಸುವುದು ನಿಷಿದ್ಧವಾಗಿದ್ದಾಗ, ಹೆಂಗಸರು ಬಾವುಟದ ಬಣ್ಣಗಳನ್ನು ಉಡುಪಿನ ಮೇಲೆ ಹೊಲಿದುಕೊಂಡರು. 2021ರಲ್ಲಿ ಯುನೆಸ್ಕೋ ತತ್ರೀಝನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಲಿದವರ ಊರುಗಳು ಮಾತ್ರ ಅವರಿಗೆ ಮರಳಿ ಸಿಗಲಿಲ್ಲ.

ಮತ್ತೆ ಅಡ್ಡಗದ್ದೆಗೆ ಬರೋಣ. ನಮ್ಮ ಕಡೆ ಅಡಿಕೆಯ ಕಾಲದಲ್ಲಿ ಹೆಂಗಸರು ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಬೆರಳಿಗೆ ಹತ್ತಿದ ಕರೆ ದಿನಗಟ್ಟಲೆ ಹೋಗುವುದಿಲ್ಲ. ಆಗ ಬಿಳಿಯ ಮ್ಯಾಟಿ ಬಟ್ಟೆ ಮುಟ್ಟುವಂತಿಲ್ಲ, ಖಾಲಾ ಅವರ ಸೂಜಿಚೀಲ ಗೂಟದಲ್ಲಿ ತೂಗುತ್ತಿತ್ತು. ಅಡಿಕೆ ಸುಲಿದರೆ ಡಬ್ಬದ ಲೆಕ್ಕದಲ್ಲಿ ಕೂಲಿ. ಹೊಲಿಗೆಗೆ ಅಂಥ ಡಬ್ಬ ಯಾವುದು? ಲೆಕ್ಕ ಕಷ್ಟವೇನಲ್ಲ. ಇಂಚಿಗೆ 14 ಚೌಕ ಇರುವ ಬಟ್ಟೆಯಲ್ಲಿ ಒಂದು ಚದರ ಇಂಚಿಗೆ 196 ಹೊಲಿಗೆ. ನಾಲ್ಕಿಂಚು ಉದ್ದ ನಾಲ್ಕಿಂಚು ಅಗಲ ತುಂಬಿಸಿದರೆ 3136. ಒಂದೊಂದು ಹೊಲಿಗೆಗೆ ಎರಡು ಓರೆ ಗೆರೆ, ಅಂದರೆ 6272 ಗೆರೆ. ಗಂಟೆಗೆ 200 ಹೊಲಿಗೆ ಎಂದು ಹಿಡಿದರೂ 15 ಗಂಟೆ ಮೀರುತ್ತದೆ. ಒಂದು ದಿಂಬಿನ ಒಂದು ಗುಲಾಬಿಯ ಲೆಕ್ಕ ಇದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ. ಆ 289 ನಿಮಿಷಗಳ ಆಚೆ ಹೇಗೋ ಉಳಿಸಿಕೊಂಡ ಹೊತ್ತನ್ನು 'ಸುಮ್ಮನೆ ಕೂತದ್ದು' ಎಂದು ಕರೆಯುವುದು ಅನ್ಯಾಯ.

ಖಾಲಾ ತೀರಿಕೊಂಡ ಮೇಲೆ ಆಸ್ತಿಯ ಮಾತು ಬಂತು. ತೋಟ, ಮನೆ, ಎರಡು ಬಳೆ ಎಂದು ಪಟ್ಟಿಯಾಯಿತು. ಚೀಲವನ್ನು ಯಾರೂ ಕೇಳಲಿಲ್ಲ, ಅದು ನನ್ನ ಪಾಲಿಗೆ ಬಂತು. ಅದರೊಳಗಿನ ನೋಟ್‌ಬುಕ್ಕು ನಕ್ಷೆ ಬರೆದುಕೊಳ್ಳಲು ಇಟ್ಟದ್ದೆಂದು ನಾನು ಅಷ್ಟು ವರ್ಷ ತಿಳಿದಿದ್ದೆ. ತೆರೆದು ನೋಡಿದರೆ ಉರ್ದುವಿನ ಸಣ್ಣ ಅಕ್ಷರದಲ್ಲಿ ತಾರೀಖು, ಆ ದಿನ ಹಾಕಿದ ಚೌಕಗಳು, ದಾರಕ್ಕೆ ಆದ ಖರ್ಚು, ಯಾರಿಗೆ ಕೊಟ್ಟದ್ದು, ಬಂದದ್ದೆಷ್ಟು, ಬರಬೇಕಾದದ್ದೆಷ್ಟು. ನಾಲ್ಕು ದಿಂಬಿನ ಕವರಿನ ಬಾಕಿಯೂ ಅಲ್ಲಿತ್ತು. ನಾವು ಎಣಿಸದೆ ಬಿಟ್ಟದ್ದನ್ನು ಅವರು ಪ್ರತಿದಿನ ಎಣಿಸಿಟ್ಟಿದ್ದರು.

ಈಗ ಖಾಲಾ ಅವರ ಮೊಮ್ಮಗಳು ಕಾಲೇಜಿನ ಬಸ್ಸಿನಲ್ಲಿ ಹೊಲಿಯಲು ಕಲಿಯುತ್ತಿದ್ದಾಳೆ. ಚೀಲದಲ್ಲಿ ಏನೇನಿರಬೇಕು ಎಂದು ನನ್ನನ್ನು ಕೇಳಿದಳು. ಬಟ್ಟೆ, ರಿಂಗು, ಎರಡು ಸೂಜಿ, ಕತ್ತರಿ, ಕಾರ್ಡಿಗೆ ಸುತ್ತಿದ ದಾರ, ಸ್ವೆಟರಿನ ತುಂಡು ಎಂದು ಹೇಳಿದೆ. ಪೆನ್ಸಿಲ್ಲನ್ನೂ ನೋಟ್‌ಬುಕ್ಕನ್ನೂ ನಾನೇ ಕೊಂಡುಕೊಟ್ಟೆ.