ಹಳೆಯ ಡೀಸೆಲ್ ಕಾರಿಗೆ ಸೀಮೆಎಣ್ಣೆಯೇ ಮದ್ದೇ? ಸ್ಟಾರ್ಟಿಂಗ್, ಹೊಗೆ, ಹೀಟ್ ಸಮಸ್ಯೆಗಳ ಅಸಲಿ ಕಾರಣ

ಚಳಿಗಾಲ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಹಳೆಯ ಡೀಸೆಲ್ ಗಾಡಿಗಳ ಮಾಲೀಕರಿಗೆ ಬೆಳಗಿನ ಹೊತ್ತು ಒಂದೇ ಚಿಂತೆ: ಇವತ್ತು ಸ್ಟಾರ್ಟ್ ಆಗುತ್ತೋ ಇಲ್ಲವೋ? ಅದೇ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಸಲಹೆಗಳೂ ಓಡಾಡುತ್ತವೆ. ‘ಟ್ಯಾಂಕಿಗೆ ಒಂದು ಲೀಟರ್ ಸೀಮೆಎಣ್ಣೆ ಹಾಕಿ’, ‘ಪೆಟ್ರೋಲ್ ಬಟ್ಟೆಯನ್ನು ಏರ್ ಫಿಲ್ಟರ್ ಹತ್ತಿರ ಹಿಡಿದು ಸೆಲ್ಫ್ ಹೊಡೆಯಿರಿ’, ‘ನಾಜಲ್ ನಟ್ ಸಡಿಲಿಸಿ ಏರ್ ತೆಗೆಯಿರಿ’.

ಇವುಗಳಲ್ಲಿ ಕೆಲವು ಒಂದು ಕಾಲದ ಗಾಡಿಗಳಿಗೆ ಸರಿಯಾಗಿದ್ದವು. ಕೆಲವು ಎಂದೂ ಸರಿಯಲ್ಲ. ಒಂದು ಸಲಹೆಯಂತೂ ನಿಮ್ಮ ಕೈಯನ್ನೇ ಕಸಿಯಬಹುದು. ಯಾವುದು ಯಾವುದೆಂದು ತಿಳಿಯಲು ಮೊದಲು ನಿಮ್ಮ ಇಂಜಿನ್ ಯಾವ ಬಗೆಯದೆಂದು ತಿಳಿದಿರಬೇಕು.

ನಿಮ್ಮದು ಯಾವ ಡೀಸೆಲ್?

ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾದು ಕೆಂಡವಾಗುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಹಾಗೆ ಚಿಮ್ಮುವ ವ್ಯವಸ್ಥೆಯಲ್ಲಿ ಎರಡು ತಲೆಮಾರುಗಳಿವೆ.

ಮೊದಲನೆಯದು ಮೆಕ್ಯಾನಿಕಲ್ ಪಂಪ್. ಡೀಸೆಲ್ ಅಂಬಾಸಿಡರ್, ಹಳೆಯ ಮಹೀಂದ್ರಾ ಜೀಪು, ಟಾಟಾ ಸುಮೋ, 1998ರಲ್ಲಿ ಬಂದ ಇಂಡಿಕಾದ ಆರಂಭದ ಮಾದರಿಗಳು, ಕ್ವಾಲಿಸ್ ಈ ಗುಂಪಿಗೆ ಸೇರಿದವು. ಎರಡನೆಯದು ಕಾಮನ್ ರೈಲ್. ಇದರಲ್ಲಿ ಕಂಪ್ಯೂಟರ್ ಹೇಳಿದ ಹೊತ್ತಿಗೆ, ಹೇಳಿದ ಅಳತೆಗೆ ಇಂಧನ ಚಿಮ್ಮುತ್ತದೆ. 2005ರ ಇನ್ನೋವಾ, 2007ರ ಸ್ವಿಫ್ಟ್ ಡೀಸೆಲ್ ಈ ಬಗೆಯವು. ಡಿಕ್ಕಿಯ ಮೇಲೆ ಡಿಡಿಐಎಸ್, ಸಿಆರ್‌ಡಿಐ, ಸಿಆರ್‌ಡಿಇ, ಡಿ-4ಡಿ, ಡೈಕಾರ್, ಕ್ವಾಡ್ರಾಜೆಟ್ ಎಂದು ಬರೆದಿದ್ದರೆ ಅದು ಕಾಮನ್ ರೈಲ್.

ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ: ಚಳಿಗೆ ಡೀಸೆಲ್ ಗಟ್ಟಿಯಾಯಿತೇ?

ಇಲ್ಲ. ಡೀಸೆಲ್‌ನಲ್ಲಿರುವ ಮೇಣ ಹೆಪ್ಪುಗಟ್ಟುವುದು ನಿಜ, ಆದರೆ ಅದಕ್ಕೆ ನಮ್ಮ ಮಾರ್ಗಶಿರದ ಚಳಿ ಸಾಲದು. ಅದು ಲಡಾಖ್‌ನಂಥ ಊರುಗಳ ಸಮಸ್ಯೆ. ಅಲ್ಲಿಗೆಂದೇ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ವಿಶೇಷ ಡೀಸೆಲ್ ಬಂತು. ನಮ್ಮ ಕಡೆ ಕಾರಣ ಬೇರೆ ಇರುತ್ತದೆ. ಸೆಲ್ಫ್ ಹೊಡೆಯುವಾಗ ಗಮನಿಸಿ:

• ಇಂಜಿನ್ ನಿಧಾನವಾಗಿ, ಏದುಸಿರು ಬಿಟ್ಟಂತೆ ತಿರುಗಿದರೆ: ಬ್ಯಾಟರಿ ಸೋತಿದೆ, ಟರ್ಮಿನಲ್ ಅಥವಾ ಅರ್ಥಿಂಗ್ ಸಡಿಲವಾಗಿದೆ, ಇಲ್ಲವೇ ಸ್ಟಾರ್ಟರ್ ಮೋಟಾರ್ ಹಳತಾಗಿದೆ. ವೇಗವಾಗಿ ಅದುಮದಿದ್ದರೆ ಗಾಳಿ ಕಾಯುವುದಿಲ್ಲ.

• ಚೆನ್ನಾಗಿ ತಿರುಗಿ, ಸೈಲೆನ್ಸರ್‌ನಿಂದ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದು, ಆದರೂ ಹತ್ತದಿದ್ದರೆ: ಡೀಸೆಲ್ ಬರುತ್ತಿದೆ, ಬಿಸಿ ಸಾಲುತ್ತಿಲ್ಲ. ಹೀಟರ್ ಪ್ಲಗ್ ಮತ್ತು ಅದರ ರಿಲೇ ನೋಡಿಸಿ. ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಕೀ ತಿರುಗಿಸಿ, ಸುರುಳಿ ಗುರುತಿನ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು.

• ಚೆನ್ನಾಗಿ ತಿರುಗಿದರೂ ಹೊಗೆಯೇ ಇಲ್ಲದಿದ್ದರೆ: ಡೀಸೆಲ್ ಇಂಜಿನ್‌ಗೆ ತಲುಪುತ್ತಿಲ್ಲ. ಲೈನ್‌ನಲ್ಲಿ ಏರ್ ಹಿಡಿದಿದೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಪಂಪಿನ ಸೊಲೆನಾಯ್ಡ್ ಕೆಲಸ ಮಾಡುತ್ತಿಲ್ಲ.

ಪೆಟ್ರೋಲ್ ಬಟ್ಟೆಯ ಉಪಾಯ ಬೇಡವೇ ಬೇಡ. ಕಾದ ಹೀಟರ್ ಪ್ಲಗ್‌ಗೆ ಪೆಟ್ರೋಲ್ ಆವಿ ತಾಗಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟಿಸಿ ಪಿಸ್ಟನ್ ಒಡೆಯಬಹುದು, ಬೆಂಕಿ ಮುಖಕ್ಕೂ ಬರಬಹುದು.

ಏರ್ ತೆಗೆಯುವುದು: ಕೈಗೆ ಅಪಾಯ ಇರುವುದು ಇಲ್ಲಿ

ಡೀಸೆಲ್ ಪೂರ್ತಿ ಖಾಲಿಯಾಗಿ ಗಾಡಿ ನಿಂತರೆ ಲೈನ್‌ಗೆ ಗಾಳಿ ಸೇರುತ್ತದೆ. ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಕೈಪಂಪು ಒತ್ತುತ್ತಾ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿದರೆ ಸಾಕು. ನಾಜಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವ ಪದ್ಧತಿಯೂ ಈ ಗಾಡಿಗಳದ್ದೇ. ಅದು ಅನುಭವಿ ಮೆಕ್ಯಾನಿಕ್ ಕೆಲಸ.

ಕಾಮನ್ ರೈಲ್ ಗಾಡಿಯಲ್ಲಿ ಹೀಗೆ ಎಂದಿಗೂ ಮಾಡಬೇಡಿ. ಅದರ ಪೈಪಿನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ. ನಿಮ್ಮ ಟೈರಿನಲ್ಲಿರುವುದು ಸುಮಾರು 2 ಬಾರ್ ಮಾತ್ರ. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆಯಷ್ಟೇ ಕಾಣುತ್ತದೆ, ಹೆಚ್ಚು ನೋವೂ ಇರದಿರಬಹುದು. ಆದರೆ ಒಳಗಿನ ಮಾಂಸಖಂಡ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತದೆ, ಬೆರಳು ಕತ್ತರಿಸಬೇಕಾದೀತು. ಹೀಗಾದರೆ ಅರಿಶಿನ ಹಚ್ಚಿ ಕಾಯಬೇಡಿ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ‘ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ’ ಎಂದು ಸ್ಪಷ್ಟವಾಗಿ ಹೇಳಿ. ಲೀಕ್ ಹುಡುಕಲು ಬೆರಳು ಸವರಬೇಡಿ. ಇಂಜಿನ್ ಓಡುತ್ತಿರುವಾಗ ಆ ಪೈಪುಗಳಿಂದ ದೂರವಿರಿ.

ಹೊಗೆಯ ಬಣ್ಣ ಏನು ಹೇಳುತ್ತದೆ?

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಅಜ್ಜಂಪುರದ ಈರುಳ್ಳಿ ಹೊಲಗಳ ಮಣ್ಣುದಾರಿಯಲ್ಲಿ ಓಡಾಡುವ ಗಾಡಿಯಾದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಕಂಪನಿ ಹೇಳಿದ ಕಿಲೋಮೀಟರ್‌ಗಿಂತ ಬೇಗನೆ ಅದು ಧೂಳು ತುಂಬಿಕೊಂಡಿರುತ್ತದೆ. ಆಮೇಲೆ ನಾಜಲ್ ಪರೀಕ್ಷೆ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ವಾಲ್ವ್ ಸೀಲ್, ಪಿಸ್ಟನ್ ರಿಂಗ್, ಇಲ್ಲವೇ ಟರ್ಬೊ ಸವೆದಿದೆ. ಎಲ್ಲ ನೀಲಿ ಹೊಗೆಗೂ ‘ಇಂಜಿನ್ ಬೋರಿಗೆ ಬಂದಿದೆ’ ಎಂದರ್ಥವಲ್ಲ. ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಇಂಜಿನ್ ಬಿಚ್ಚಲು ಒಪ್ಪಬೇಡಿ.

ಬಿಳಿ ಹೊಗೆ: ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ. ಗಾಡಿ ಓಡಿಸಬೇಡಿ.

ಸೀಮೆಎಣ್ಣೆ ನಾಜಲ್ ಶುದ್ಧ ಮಾಡುತ್ತದೆಯೇ?

ಮಾಡುವುದಿಲ್ಲ. ಡೀಸೆಲ್ ಪಂಪಿನ ಎಷ್ಟೋ ಭಾಗಗಳಿಗೆ ಬೇರೆ ಆಯಿಲ್ ಇಲ್ಲ, ಹರಿಯುವ ಡೀಸೆಲ್ಲೇ ಅವಕ್ಕೆ ಜಿಡ್ಡು. ಸೀಮೆಎಣ್ಣೆಗೆ ಆ ಜಿಡ್ಡಿನ ಗುಣ ಕಡಿಮೆ. ಹಳೆಯ ಜೀಪು ಸ್ವಲ್ಪ ದಿನ ತಡೆದೀತು. ಕಾಮನ್ ರೈಲ್ ಪಂಪು ಸವೆದು, ಅದರ ಲೋಹದ ಪುಡಿ ಎಲ್ಲ ಇಂಜೆಕ್ಟರ್‌ಗಳಿಗೂ ಹರಡುತ್ತದೆ. ಅಲ್ಲಿಗೆ ಒಂದು ಲೀಟರ್ ಸೀಮೆಎಣ್ಣೆಯ ಉಳಿತಾಯ ಪಂಪು, ಇಂಜೆಕ್ಟರ್ ಎಲ್ಲ ಬದಲಿಸುವ ಖರ್ಚಾಗಿ ಬರುತ್ತದೆ. ಪಡಿತರದ ನೀಲಿ ಸೀಮೆಎಣ್ಣೆ ಬೆರೆಸುವುದು ಅಗತ್ಯ ವಸ್ತುಗಳ ಕಾಯ್ದೆಯಡಿ ಅಪರಾಧವೂ ಹೌದು. ಇದರ ಬದಲು ಡೀಸೆಲ್ ಫಿಲ್ಟರನ್ನು ಸಮಯಕ್ಕೆ ಬದಲಿಸಿ, ಅದರ ತಳದಲ್ಲಿ ನಿಂತ ನೀರನ್ನು ಆಗಾಗ ಬಿಡಿಸಿ.

ಘಾಟಿಯಲ್ಲಿ ಹೀಟ್ ಆದರೆ

ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿ ಹತ್ತುವಾಗ ಸೂಜಿ ಮೇಲೇರಿದರೆ ಎಸಿ ಆಫ್ ಮಾಡಿ, ಕಾರಿನೊಳಗಿನ ಹೀಟರನ್ನು ಪೂರ್ತಿ ಹಾಕಿ. ಈ ಫಾರ್ವರ್ಡ್ ಮಾತ್ರ ನಿಜ: ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್, ಇಂಜಿನ್ನಿನ ಬಿಸಿಯನ್ನು ಎಳೆದು ಹೊರಹಾಕುತ್ತದೆ. ಸೂಜಿ ಕೆಂಪು ಗೆರೆ ಮುಟ್ಟಿದರೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಮುಚ್ಚಳ ತೆಗೆಯಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಊರಿಗೆ ಬಂದ ಮೇಲೆ ಕೊಳವೆಬಾವಿಯ ಗಡಸು ನೀರು ತುಂಬಿಸಿ ಸುಮ್ಮನಾಗಬೇಡಿ. ಅದರ ಸುಣ್ಣದಂಶ ರೇಡಿಯೇಟರ್ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕೂಲೆಂಟ್ ಹಾಕಿಸಿ.

ಕೀ ತೆಗೆದರೂ ಇಂಜಿನ್ ನಿಲ್ಲದಿದ್ದರೆ?

ಟರ್ಬೊ ಸವೆದ ಗಾಡಿಯಲ್ಲಿ ಅಪರೂಪಕ್ಕೆ ಹೀಗಾಗುತ್ತದೆ. ಒಳಗೆ ಸೋರಿದ ಆಯಿಲನ್ನೇ ಇಂಧನ ಮಾಡಿಕೊಂಡು ಇಂಜಿನ್ ತಾನಾಗಿ ಕಿರುಚಿ ಓಡುತ್ತದೆ. ಗೇರ್ ಗಾಡಿಯಾದರೆ ಬ್ರೇಕನ್ನು ಬಲವಾಗಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ. ಇಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ನಿಲ್ಲದಿದ್ದರೆ ಎಲ್ಲರೂ ಇಳಿದು ದೂರ ಹೋಗಿ. ಏರ್ ಪೈಪಿಗೆ ಅಂಗೈ ಅಡ್ಡ ಹಿಡಿಯಬೇಡಿ.

10 ವರ್ಷವಾದ ಡೀಸೆಲ್ ಕಾರು ಗುಜರಿಗೇ?

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆ ಆದೇಶ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದ್ದು. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ತುಂಬಿದಾಗ ತಪಾಸಣೆ ಮಾಡಿಸಿ, ತೆರಿಗೆ ಕಟ್ಟಿ ಆರ್‌ಸಿ ನವೀಕರಿಸಬಹುದು. ಕೆಎ-66 ಸಂಖ್ಯೆಯ ಸಾರಿಗೆ ಕಚೇರಿ ತರೀಕೆರೆಯಲ್ಲೇ ಇದೆ. ಹೊಗೆ ತಪಾಸಣೆಯ ಚೀಟಿ ಚಾಲ್ತಿಯಲ್ಲಿರಲಿ.

ಕೊನೆಯದಾಗಿ

ಹಳೆಯ ಡೀಸೆಲ್ ಗಾಡಿ ಕೇಳುವುದು ಮೂರನ್ನೇ: ಶುದ್ಧ ಗಾಳಿ, ನೀರಿಲ್ಲದ ಡೀಸೆಲ್, ಗಟ್ಟಿ ಬ್ಯಾಟರಿ. ಮುಂದಿನ ಸಲ ರಿಪೇರಿ ಫಾರ್ವರ್ಡ್ ಬಂದಾಗ ಇದು ಪಂಪಿನ ಗಾಡಿಗೋ, ಕಾಮನ್ ರೈಲಿಗೋ ಎಂದು ಮೊದಲು ಕೇಳಿ. ಉತ್ತರವಿಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ.